ದಾರಿ ತಪ್ಪೋ ಬಸ್ಸು ಎಷ್ಟು ಗಂಟೆಗೆ?

ನಮ್ಮ ದೊಡ್ಡಮ್ಮ ದಾರಿ ತಪ್ಪಿದ್ದು 2023ರ ಜೂನ್‌ನಲ್ಲಿ. ಆಗ ಅವರಿಗೆ ಅರವತ್ತೆಂಟು ವರ್ಷ. ಅಲ್ಲಿವರೆಗೂ ತಿಪಟೂರು ಕಡೆಯ ತಮ್ಮ ಹಳ್ಳಿ, ತೋಟ, ಕೊಟ್ಟಿಗೆ, ವರ್ಷಕ್ಕೊಂದು ಸಲ ಮಗಳ ಮನೆ ಅಂತ ನೆಟ್ಟಗೆ ದಾರಿ ಮೇಲಿದ್ದ ಹೆಂಗಸು. ಜೂನ್ 11ಕ್ಕೆ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆ ಶುರುವಾಯಿತು ನೋಡಿ, ಆಧಾರ್ ಕಾರ್ಡನ್ನು ಕರ್ಚೀಫಿನಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟರು. ಮೊದಲು ದಾರಿ ತಪ್ಪಿ ಧರ್ಮಸ್ಥಳಕ್ಕೆ ಹೋದರು. ಆಮೇಲೆ ಇನ್ನೂ ಕೆಟ್ಟು ಮಲೆ ಮಹದೇಶ್ವರ ಬೆಟ್ಟ. ಆಷಾಢದಲ್ಲಂತೂ ಪೂರ್ತಿ ಕೈಮೀರಿ ಚಾಮುಂಡಿ ಬೆಟ್ಟ, ನಂಜನಗೂಡು ಎರಡನ್ನೂ ಒಂದೇ ದಿನ ಮುಗಿಸಿ, ವಾಪಸ್ ಬರುವಾಗ ಮೊಮ್ಮಕ್ಕಳಿಗೆ ಮೈಸೂರುಪಾಕ್ ಬೇರೆ ತಂದರು.

ಇದಕ್ಕೆ ದಾರಿ ತಪ್ಪೋದು ಅಂತಾರೆ ಅನ್ನೋದು ನಮಗ್ಯಾರಿಗೂ ಗೊತ್ತಿರಲಿಲ್ಲ. 2024ರ ಏಪ್ರಿಲ್‌ನಲ್ಲಿ ಲೋಕಸಭಾ ಚುನಾವಣೆ ಪ್ರಚಾರಕ್ಕೆ ಅಂತ ಪಕ್ಕದ ತುರುವೇಕೆರೆಗೆ ಬಂದಿದ್ದ ಎಚ್.ಡಿ. ಕುಮಾರಸ್ವಾಮಿಯವರು, ಶಕ್ತಿಯಂಥ ಸರ್ಕಾರದ ಗ್ಯಾರಂಟಿ ಯೋಜನೆಗಳಿಂದ ಹಳ್ಳಿಯ ತಾಯಂದಿರು ದಾರಿ ತಪ್ಪಿದ್ದಾರೆ ಅಂದಾಗಲೇ ವಿಷಯ ತಿಳಿದದ್ದು. ಗಲಾಟೆ ಆದಮೇಲೆ ವಿಷಾದ ಹೇಳಿದರು ಅನ್ನಿ. ಆದರೆ ದೊಡ್ಡಮ್ಮನ ಮೇಲೆ ನಮಗೆ ಬಂದ ಅನುಮಾನ ಬಂದೇ ಬಂತು.

ದಾರಿ ತಪ್ಪುವುದಕ್ಕೂ ಸರ್ಕಾರ ಎಷ್ಟು ಶಿಸ್ತಾಗಿ ನಿಯಮ ಮಾಡಿದೆ ಅಂದರೆ, ಕೆಂಪು ಬಸ್ಸಲ್ಲಿ ತಪ್ಪಿದರೆ ಪುಕ್ಕಟೆ, ರಾಜಹಂಸ ಐರಾವತದಲ್ಲಿ ತಪ್ಪಬೇಕಾದರೆ ದುಡ್ಡು ಕೊಡಬೇಕು. ರಾಜ್ಯದ ಗಡಿ ದಾಟುವ ಬಸ್ಸಿಗೆ ಇದು ನಡೆಯೋದಿಲ್ಲ, ಕೆಡೋದೇನಿದ್ದರೂ ಕರ್ನಾಟಕದೊಳಗೇ ಕೆಡಬೇಕು. ಕಂಡಕ್ಟರ್ ಸೊನ್ನೆ ರೂಪಾಯಿ ಟಿಕೆಟ್ ಕೊಡುತ್ತಾರೆ, ಇಳಿಯೋವರೆಗೂ ಜೋಪಾನ.

ಮೊದಲೆಲ್ಲ ಹೀಗಿರಲಿಲ್ಲ. ದೊಡ್ಡಮ್ಮ ಎಲ್ಲಿಗಾದರೂ ಹೋಗಬೇಕು ಅಂದರೆ ದೊಡ್ಡಪ್ಪನ ಹತ್ತಿರ ಟಿಕೆಟ್ ದುಡ್ಡು ಕೇಳಬೇಕಿತ್ತು. ದೊಡ್ಡಪ್ಪ ಪೇಪರ್‌ನಿಂದ ತಲೆ ಎತ್ತದೆ ಯಾಕೆ, ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸ್ ಅಂತ ನಾಲ್ಕು ಪ್ರಶ್ನೆ ಕೇಳಿ, ನಾಲ್ಕಕ್ಕೂ ಉತ್ತರ ಸರಿ ಇದ್ದರೆ ಐವತ್ತರ ನೋಟು ತೆಗೆಯೋರು. ನಮ್ಮ ಮನೆಗೆ ಅದೇ ಚೆಕ್‌ಪೋಸ್ಟು. ಒಂದು ದಿನ ಬೆಳಿಗ್ಗೆ ಆ ಗೇಟನ್ನು ಸರ್ಕಾರ ಕಿತ್ತುಹಾಕಿತು. ಪಾಪ ದೊಡ್ಡಪ್ಪ, ಈಗಲೂ ಆ ನಾಲ್ಕು ಪ್ರಶ್ನೆ ಕೇಳುತ್ತಾರೆ, ಆದರೆ ಅಷ್ಟು ಹೊತ್ತಿಗೆ ಬಸ್ಸು ಹೋಗಿರುತ್ತೆ.

ಇರಲಿ, ನಮ್ಮ ಮನೆಯ ಮಾನ ಉಳಿಸಬೇಕಲ್ಲ. ಹೆಂಗಸರು ಎಲ್ಲೆಲ್ಲಿಗೆ ಹೋದರೆ ದಾರಿ ತಪ್ಪಿದ ಹಾಗಲ್ಲ ಅಂತ ದೊಡ್ಡವರ ಮಾತುಗಳನ್ನೆಲ್ಲ ಸೇರಿಸಿ ಒಂದು ನಕ್ಷೆ ಬರೆಯೋಣ ಅಂತ ಕೂತೆ.

ಪಬ್ಬು ಬೇಡ. ಅದು 2009ರ ಜನವರಿಯಲ್ಲೇ ಮಂಗಳೂರಲ್ಲಿ ತೀರ್ಮಾನವಾಗಿದೆ. ಶ್ರೀರಾಮ ಸೇನೆಯವರು ಪಬ್ಬಿಗೆ ನುಗ್ಗಿ, ಹುಡುಗಿಯರನ್ನು ಅಟ್ಟಾಡಿಸಿ ಹೊಡೆದು ಸಂಸ್ಕೃತಿ ಕಾಪಾಡಿದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ನೋಡದೆ ಇದ್ದದ್ದು ಸಾಕ್ಷಿ ಮಾತ್ರ. 2018ರಲ್ಲಿ ಸಾಕ್ಷ್ಯ ಸಾಲದು ಅಂತ ಎಲ್ಲರೂ ಖುಲಾಸೆ. ಸರಿ, ಪಬ್ಬು ಬಿಡಿ, ಹುಟ್ಟುಹಬ್ಬಕ್ಕೆ ಹೋಂಸ್ಟೇ? ಅದೂ ಬೇಡ. 2012ರಲ್ಲಿ ಪಡೀಲ್‌ನಲ್ಲಿ ಹುಟ್ಟುಹಬ್ಬದ ಪಾರ್ಟಿಗೆ ನುಗ್ಗಿ ಹೊಡೆದದ್ದನ್ನೂ ನೋಡಿದ್ದೇವೆ. ಆ ಹಲ್ಲೆಯನ್ನು ಕ್ಯಾಮೆರಾದಲ್ಲಿ ತೋರಿಸಿದ ವರದಿಗಾರನನ್ನೇ ಆರೋಪಿ ಮಾಡಿ ಜೈಲಿಗೂ ಕಳಿಸಿದರು. ಕೊನೆಗೆ 2024ರಲ್ಲಿ ಹಲ್ಲೆ ಕೇಸಿನವರೂ ಖುಲಾಸೆ. ಹೊಡೆದವರು ಯಾರೂ ಇಲ್ಲ ಅಂದಮೇಲೆ ಆ ಹುಡುಗಿಯರಿಗೆ ಬಿದ್ದ ಏಟು ಹವಾಮಾನದಿಂದ ಬಿದ್ದದ್ದೇ ಇರಬೇಕು, ಕರಾವಳಿ ಅಲ್ವಾ, ಗಾಳಿ ಜಾಸ್ತಿ. 2021ರಲ್ಲಿ ಅದೇ ಮಂಗಳೂರಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು, ನೈತಿಕ ಪೊಲೀಸ್‌ಗಿರಿ ಬಗ್ಗೆ ಕೇಳಿದಾಗ, ಕ್ರಿಯೆಗೆ ಪ್ರತಿಕ್ರಿಯೆ ಇದ್ದೇ ಇರುತ್ತೆ ಅಂತ ಭೌತಶಾಸ್ತ್ರದ ಪಾಠವನ್ನೂ ಮಾಡಿದರು.

ನಿರ್ಜನ ಜಾಗ ಬೇಡ. ಅದೇ ವರ್ಷ ಮೈಸೂರಲ್ಲಿ ಚಾಮುಂಡಿ ಬೆಟ್ಟದ ಬುಡದಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಅತ್ಯಾಚಾರ ಆದಾಗ, ಗೃಹ ಸಚಿವರಾಗಿದ್ದ ಆರಗ ಜ್ಞಾನೇಂದ್ರ ಅವರು ಅಂಥ ಕಡೆಗೆ ಅವರು ಹೋಗಬಾರದಿತ್ತು ಅಂದರು. ಅಷ್ಟಕ್ಕೇ ನಿಲ್ಲಿಸದೆ, ಕಾಂಗ್ರೆಸ್‌ನವರು ನನ್ನ ಮೇಲೆ ರೇಪ್ ಮಾಡ್ತಿದ್ದಾರೆ ಅನ್ನೋ ಅರ್ಥದ ಮಾತೂ ಆಡಿದರು. ಆಮೇಲೆ ಮಾತು ವಾಪಸ್. ಮೈಸೂರು ವಿಶ್ವವಿದ್ಯಾಲಯ ಇನ್ನೂ ಚುರುಕು. ಸಂಜೆ ಆರೂವರೆ ಮೇಲೆ ವಿದ್ಯಾರ್ಥಿನಿಯರು ಮಾನಸಗಂಗೋತ್ರಿಯಲ್ಲಿ ಒಬ್ಬೊಬ್ಬರೇ ಓಡಾಡಬಾರದು, ಕುಕ್ಕರಹಳ್ಳಿ ಕೆರೆ ಕಡೆಗೂ ಹೋಗಬಾರದು ಅಂತ ಸುತ್ತೋಲೆ ಹೊರಡಿಸಿತು. ಹುಡುಗರಿಗೆ ಏನೂ ಇಲ್ಲ, ಅವರು ಎಷ್ಟೊತ್ತಿಗಾದರೂ ಕೆರೆ ಸುತ್ತಬಹುದು. ಬಟ್ಟೆ ಹರಿದವರನ್ನು ಬಿಟ್ಟು ಬಟ್ಟೆಗೆ ಶಿಕ್ಷೆ ಕೊಟ್ಟ ಹಾಗೆ. ಉಗಿಸಿಕೊಂಡ ಮೇಲೆ ಸುತ್ತೋಲೆಯೂ ವಾಪಸ್.

ಹಾಗಾದರೆ ಜನ ತುಂಬಿರುವ ಜಾಗಕ್ಕೆ ಹೋಗೋಣ. 2016ರ ಕೊನೆಯ ರಾತ್ರಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ, ಪೊಲೀಸರೂ ಇದ್ದರು. ಅಲ್ಲಿ ಹೆಂಗಸರ ಮೇಲೆ ಕೈ ಬಿದ್ದಾಗ ಗೃಹ ಸಚಿವ ಜಿ. ಪರಮೇಶ್ವರ್ ಅವರು, ಪಾಶ್ಚಾತ್ಯರ ಹಾಗೆ ಬಟ್ಟೆ ಹಾಕ್ತಾರೆ, ಇಂಥವೆಲ್ಲ ಆಗ್ತಾವೆ ಅಂದರು. ಎಂಟು ವರ್ಷ ಕಳೆದು 2025ರಲ್ಲಿ ಬಿಟಿಎಂ ಲೇಔಟಿನ ಬೀದಿಯಲ್ಲಿ ಹೆಣ್ಣುಮಗಳ ಮೇಲೆ ಕೈ ಹಾಕಿದ ವಿಡಿಯೊ ಬಂದಾಗಲೂ ಅವರೇ ಗೃಹ ಸಚಿವರು. ಇಷ್ಟು ದೊಡ್ಡ ಊರಲ್ಲಿ ಅಲ್ಲೊಂದು ಇಲ್ಲೊಂದು ಆಗ್ತಾವೆ ಅಂದರು. ಆಮೇಲೆ ವಿಷಾದ. ಪಕ್ಷ ಯಾವುದೇ ಇರಲಿ, ವಿಷಾದದ ನಮೂನೆ ಮಾತ್ರ ಒಂದೇ ಪ್ರೆಸ್‌ನಲ್ಲಿ ಅಚ್ಚು ಹಾಕಿಸಿರುತ್ತಾರೆ.

ಜನ ಇಲ್ಲದ ಕಡೆ ಬೇಡ, ಜನ ಇರೋ ಕಡೆ ಬೇಡ. ಮನೆಯಲ್ಲೇ ಒಬ್ಬಳೇ ಇದ್ದುಬಿಡಲಾ ಅಂದರೆ ಅದಕ್ಕೂ ಕಲ್ಲು. ಆರೋಗ್ಯ ಸಚಿವರಾಗಿದ್ದ ಡಾ. ಕೆ. ಸುಧಾಕರ್ 2021ರಲ್ಲಿ ನಿಮ್ಹಾನ್ಸ್‌ನಲ್ಲಿ, ಈಗಿನ ಹೆಣ್ಣುಮಕ್ಕಳು ಒಂಟಿಯಾಗಿರಬೇಕು ಅಂತಾರೆ, ಮದುವೆಯಾದರೂ ಹೆರೋದು ಬೇಡ ಅಂತಾರೆ ಅಂತ ನೊಂದುಕೊಂಡರು. ಅದೂ ವಿಶ್ವ ಮಾನಸಿಕ ಆರೋಗ್ಯ ದಿನದಂದು! ಹಾಗಾಗಿ ನಕ್ಷೆಯಲ್ಲಿ ಉಳಿದದ್ದು ಅಡುಗೆಮನೆ. ಅದಕ್ಕೆ ಹಿರಿಯ ಶಾಸಕರಾಗಿದ್ದ ಶಾಮನೂರು ಶಿವಶಂಕರಪ್ಪನವರ ಶಿಫಾರಸೂ ಇತ್ತು. 2024ರಲ್ಲಿ ದಾವಣಗೆರೆಯ ಎದುರಾಳಿ ಅಭ್ಯರ್ಥಿ ಅಡುಗೆ ಮಾಡೋಕಷ್ಟೇ ಲಾಯಕ್ಕು ಅಂದಿದ್ದರು. ಶಾಮನೂರು ಅವರ ಪಕ್ಷದಿಂದ ನಿಂತಿದ್ದದ್ದು ಅವರ ಸೊಸೆಯೇ, ಗೆದ್ದು ದೆಹಲಿಗೂ ಹೋದರು. ಎದುರಾಳಿ ಮನೆಯ ಸೊಸೆಗೆ ಸೌಟು, ನಮ್ಮ ಮನೆಯ ಸೊಸೆಗೆ ಸಂಸತ್ತು.

ಪೊಲೀಸರು, ಮಾರ್ಷಲ್‌ಗಳು, ಹಿರಿಯರು ಎಲ್ಲ ಇರುವ ವಿಧಾನಸಭೆಗೆ ಹೋದರೆ? 2023ರಲ್ಲಿ 224 ಸ್ಥಾನಗಳಲ್ಲಿ ಗೆದ್ದ ಹೆಂಗಸರು ಬರೀ 10, ಹಾಗಾಗಿ ಸೀಟಿಗೆ ನೂಕುನುಗ್ಗಲಂತೂ ಇಲ್ಲ. ಆದರೆ 2012ರ ಫೆಬ್ರವರಿಯಲ್ಲಿ ಇದೇ ಸದನದಲ್ಲಿ ಮೊಬೈಲಿನಲ್ಲಿ ಅಶ್ಲೀಲ ವಿಡಿಯೊ ನೋಡಿದ ಪ್ರಕರಣದಲ್ಲಿ ಮೂವರು ಸಚಿವರು ರಾಜೀನಾಮೆ ಕೊಟ್ಟರು. ಅದರಲ್ಲಿ ಸಿ.ಸಿ. ಪಾಟೀಲರ ಖಾತೆ ಯಾವುದು ಗೊತ್ತಾ? ಮಹಿಳಾ ಮತ್ತು ಮಕ್ಕಳ ಕಲ್ಯಾಣ. ಲಕ್ಷ್ಮಣ ಸವದಿಯವರು ರೇವ್ ಪಾರ್ಟಿಯಲ್ಲಿ ಏನಾಗುತ್ತೆ ಅಂತ ತಿಳಿಯೋಕೆ ನೋಡಿದ್ದು ಅಂದರು. ಅಧ್ಯಯನ ವ್ಯರ್ಥ ಆಗಲಿಲ್ಲ, 2018ರ ಚುನಾವಣೆ ಸೋತಿದ್ದರೂ 2019ರಲ್ಲಿ ಉಪಮುಖ್ಯಮಂತ್ರಿಯಾದರು. ಇನ್ನು 2021ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ, ಮಾತಿನ ಮಲ್ಲ ಅಂತ ಹೆಸರಾದ ಮಾಜಿ ಸ್ಪೀಕರ್ ರಮೇಶ್ ಕುಮಾರ್ ಅವರು, ಅತ್ಯಾಚಾರ ತಪ್ಪಿಸಲಾಗದಿದ್ದರೆ ಮಲಗಿ ಆನಂದಿಸಬೇಕು ಅನ್ನೋ ಹೊಲಸು ಮಾತನ್ನು ಗಾದೆ ಅಂತ ಹೇಳಿದರು. ಕುರ್ಚಿಯಲ್ಲಿದ್ದ ಸ್ಪೀಕರ್ ನಕ್ಕರು. ಅದು ಯಾವ ಊರಿನ ಗಾದೆಯೋ, ನಮ್ಮ ದೊಡ್ಡಮ್ಮನಿಗೆ ಸಾವಿರ ಗಾದೆ ಬರುತ್ತೆ, ಇದೊಂದನ್ನು ಅವರ ಬಾಯಲ್ಲಿ ಕೇಳಿಲ್ಲ.

ಅಂದ ಹಾಗೆ, ತಾಯಂದಿರು ದಾರಿ ತಪ್ಪಿದ್ದಾರೆ ಅಂದ ಅದೇ ಏಪ್ರಿಲ್ ತಿಂಗಳ ಕೊನೆಗೆ ಹಾಸನದಲ್ಲಿ ಹೆಂಗಸರ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಬೀದಿಗೆ ಬಂದವು. ಅದರ ಆರೋಪ ಹೊತ್ತ, ಕುಮಾರಸ್ವಾಮಿಯವರ ಅಣ್ಣನ ಮಗ, ಆಗಿನ ಸಂಸದ ಪ್ರಜ್ವಲ್ ರೇವಣ್ಣ ಜರ್ಮನಿಗೆ ಹೋದರು. ಆಧಾರ್ ಕಾರ್ಡ್ ತೋರಿಸಿ ಅಲ್ಲ, ರಾಜತಾಂತ್ರಿಕ ಪಾಸ್‌ಪೋರ್ಟ್ ಮೇಲೆ. 2025ರ ಆಗಸ್ಟ್‌ನಲ್ಲಿ ಅತ್ಯಾಚಾರ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ಆಯಿತು. ಆ ವಿಡಿಯೊಗಳಲ್ಲಿದ್ದ ಹೆಂಗಸರು ಮಾತ್ರ ಮುಖ ಮುಚ್ಚಿಕೊಂಡು ಊರು ಬಿಡಬೇಕಾಯಿತು. ಅವುಗಳನ್ನು ಫೋನಿನಿಂದ ಫೋನಿಗೆ ಕಳಿಸಿ ನೋಡಿದ್ಯಾ, ನೋಡಿದ್ಯಾ ಅಂತ ಕೇಳುತ್ತಿದ್ದವರು ಆರಾಮಾಗಿ ಕಟ್ಟೆ ಮೇಲೆ ಕೂತಿದ್ದರು.

ನಕ್ಷೆ ಮುಗಿಸಿ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಎಲ್ಲೂ ಹೋಗೋ ಹಾಗಿಲ್ಲ, ಪೂರ್ತಿ ಬರೆದು ನೋಡಿದೆ, ಬರೀ ಕೆಂಪು ಇಂಕು ಅಂದೆ.

"ಹೊರನಾಡಿಗೆ ಹೋಗ್ಬೇಕು ಕಣೇ. ಅರಸೀಕೆರೆಗೆ ಹೋಗಿ ಬಸ್ಸು ಬದಲಾಯಿಸ್ಬೇಕಂತೆ. ವಾಪಸ್ ಬರೋ ಹೊತ್ಗೆ ರಾತ್ರಿ ಹತ್ತಾಗುತ್ತೆ."

"ದೊಡ್ಡಮ್ಮ, ಆರೂವರೆ ದಾಟುತ್ತಲ್ಲ?"

"ಹೂಂ, ಅದ್ಕೇ ನಿಮ್ಮ ದೊಡ್ಡಪ್ಪಂಗೆ ಸಾರು ಮಾಡಿಟ್ಟು ಹೋಗ್ತೀನಿ. ಅನ್ನ ಅವರೇ ಮಾಡ್ಕೊಳ್ಳಲಿ, ಕುಕ್ಕರ್ ಕೂಗಿಸೋದು ಕಲ್ಸಿದೀನಿ."