ಡಿಸ್ಟರ್ಬ್ ಆಗ್ತಿದೆಯಂತೆ, ನನ್ನಿಂದ

ಜೀರುಂಡೆ ಅಂತೆ. ನನ್ನ ಹ್ಯಾಮ್ ರೇಡಿಯೋ, ಅಂದ್ರೆ ಹವ್ಯಾಸಕ್ಕೆ ಊರೂರಿನವರ ಜೊತೆ ಮಾತಾಡೋ ಸೆಟ್ಟು, ಅದರೊಳಗೆ ಜೀರುಂಡೆ ಹೊಕ್ಕಿದೆ ಅಂತೆ. ಹೇಳಿದ್ದು ಮೂರನೇ ಕ್ಲಾಸಿನ ಹುಡುಗ, ಅವನ ಮೇಲೆ ನಂಗೆ ಒಂಚೂರೂ ಸಿಟ್ಟಿಲ್ಲ, ಅದು ಕೇಳ್ತಿದ್ದದ್ದೇ ಹಂಗೆ. ಸಿಟ್ಟು ಇರೋದು ನಕ್ಕವರ ಮೇಲೆ. ಅಲ್ಲ, ನಕ್ಕವರ ಮೇಲೂ ಅಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಆಗಿದ್ದು, ಈಗ ರಾತ್ರಿ ಹತ್ತೂವರೆ, ಉಂಡಿದ್ದು ಸೇರಿಲ್ಲ, ಕರೆಂಟ್ ಸಂಜೆನೇ ಹೋಗಿದೆ, ಮೊಬೈಲಲ್ಲಿ 32 ಪರ್ಸೆಂಟ್ ಇದೆ, ಅದು ಖಾಲಿ ಆಗೋದ್ರೊಳಗೆ ಬರೆದು ಹಾಕ್ತೀನಿ.

"ಗುರುಗಳೇ, ನಿಮ್ದೊಂಚೂರು ಆಫ್ ಮಾಡಿ, ಡಿಸ್ಟರ್ಬ್ ಆಗ್ತಿದೆ."

ಇದನ್ನ ಹೇಳಿದ್ದು ಯಾರು ಗೊತ್ತಾ? ನಾನೇ ಹ್ಯಾಮ್ ಲೈಸೆನ್ಸ್ ಪರೀಕ್ಷೆಗೆ ಕಟ್ಟಿಸಿದ ಹುಡುಗ. ಆರು ತಿಂಗಳು ಭಾನುವಾರ ಭಾನುವಾರ ನಮ್ಮನೆ ಜಗಲಿ ಮೇಲೆ ಕೂತು, ಅಮ್ಮ ಮಾಡಿದ ತೊಡದೇವು ಮುರ್ಕೊಂಡು ತಿಂತಾ ಕ್ಯೂ ಕೋಡ್, ಅಂದ್ರೆ ಕ್ಯೂ ಇಂದ ಶುರುವಾಗೋ ಮೂರಕ್ಷರದ ಸಂಕೇತಗಳನ್ನ, ಬಾಯಿಪಾಠ ಮಾಡಿದವನು. ಕ್ಯೂಆರ್‌ಎನ್ ಅಂದ್ರೆ ಗುಡುಗು ಸಿಡಿಲಿನ ಗಲಾಟೆ, ಕ್ಯೂಆರ್‌ಎಂ ಅಂದ್ರೆ ಬೇರೆ ಸ್ಟೇಷನ್ನಿನವರ ಗಲಾಟೆ, ಅದಲು ಬದಲು ಮಾಡ್ಬೇಡ ಮಾರಾಯ ಅಂತ ಎಷ್ಟು ಸಲ ಹೇಳಿದೀನೋ. ಜನರಲ್ ಗ್ರೇಡ್ ಲೈಸೆನ್ಸ್ ಬೇಕು ಅಂದಾಗ ಚುಕ್ಕೆ ಗೆರೆಯ ಮೋರ್ಸ್‌ನೂ ನಾನೇ ಕಲಿಸಿದೆ, ನಿಮಿಷಕ್ಕೆ 8 ಪದ ಬರೋ ತನಕ. ಅಡಿಕೆ ಸುಲಿಯೋ ಹೆಂಗಸರ ಮಧ್ಯೆ ಕೂತು ಇಬ್ಬರೂ ಬಾಯಲ್ಲೇ ಡಿಟ್ ಡಾ ಡಿಟ್ ಅಂತಿದ್ರೆ ಅವರು ಮೆಟ್ಟುಗತ್ತಿ ಬಿಟ್ಟು ನಗೋರು. ಇವತ್ತು ಆ ಹುಡುಗನ ಲೆಕ್ಕದಲ್ಲಿ ನಾನೇ ಕ್ಯೂಆರ್‌ಎಂ.

ಆಗಿದ್ದು ಹೆಂಗೆ ಅಂದ್ರೆ, ಮಳೆಗಾಲಕ್ಕೆ ಮುಂಚೆ ಆಗುಂಬೆ ಕಡೆ ಒಂದು ಶಾಲೆಯಲ್ಲಿ ಡೆಮೋ ಇತ್ತು. ಟವರ್ ಬಿದ್ರೆ, ಗುಡ್ಡ ಜರಿದ್ರೆ ಹ್ಯಾಮ್‌ಗಳು ಹೆಂಗೆ ಸಂಪರ್ಕ ಮಾಡ್ತಾರೆ ಅಂತ ತೋರಿಸೋದು. ಹಿರಿಯರು ಅಂತ ನಂದೇ ಮೊದಲು. ನನ್ನ ಕೈ ಸೆಟ್ಟು ಹಳೇದು, ಬ್ಯಾಟರಿ ಕ್ಲಿಪ್ ಮುರಿದು ರಬ್ಬರ್ ಬ್ಯಾಂಡ್ ಹಾಕಿದೀನಿ, ಆದ್ರೆ ಇವತ್ತಿನವರೆಗೆ ಕೈ ಕೊಟ್ಟಿಲ್ಲ. ಡೆಮೋ ನೋಡೋಕೆ ಬಂದ ಸಾಹೇಬ್ರು ಮುಂದಿನ ಬೆಂಚಲ್ಲಿ. ಪಿಟಿಟಿ, ಅಂದ್ರೆ ಮಾತಾಡೋ ಗುಂಡಿ, ಒತ್ತಿದೆ, ಕಾಲ್‌ಸೈನ್, ಅಂದ್ರೆ ನನ್ನ ಸ್ಟೇಷನ್ನಿನ ಗುರುತು, ಹೇಳಿದೆ, ಬಿಟ್ಟೆ. ಏನೂ ಇಲ್ಲ. ಮತ್ತೆ ಒತ್ತಿದೆ, ಈ ಸಲ ಸ್ವಲ್ಪ ಜೋರಾಗಿ, ಜೋರಾಗಿ ಮಾತಾಡಿದ್ರೆ ಗುಡ್ಡದ ಮೇಲೆ ನಮ್ಮ ದನಿ ಹಿಡಿದು ಮತ್ತೆ ದೂರಕ್ಕೆ ಬಿಡೋ ರಿಪೀಟರಿಗೆ ಜಾಸ್ತಿ ಕೇಳುತ್ತೇನೋ ಅನ್ನೋ ಹಂಗೆ. ಏನೂ ಇಲ್ಲ. ಮಕ್ಕಳೆಲ್ಲ ನನ್ನ ಬಾಯನ್ನೇ ನೋಡ್ತಿವೆ. ಸಾಹೇಬ್ರು ಮೊಬೈಲ್ ನೋಡಿದ್ರು. ಮೂರನೇ ಸಲ ಒತ್ತಿ ಬಿಟ್ಟೆ ನೋಡಿ, ಆಗ ಬಂತು, ಗರ್ರ್ರ್ರ್ ಅಂತ, ಡಬ್ಬಿ ಒಳಗೆ ಹುಳ ಬಿಟ್ಟಂಗೆ, ನಿಂತಿತು, ಮತ್ತೆ ಗರ್ರ್ರ್. ಆ ಹುಡುಗ ಎದ್ದು ನಿಂತು "ಅಂಕಲ್, ಅದ್ರೊಳಗೆ ಜೀರುಂಡೆ ಹೊಕ್ಕಿದೆ" ಅಂದ. ಇಡೀ ಹಾಲ್ ನಕ್ಕಿತು. ಹೆಡ್‌ಮಾಸ್ಟ್ರು ಮಕ್ಕಳಿಗೆ ಗದರಿಸೋ ನೆಪದಲ್ಲಿ ಆ ಕಡೆ ತಿರುಗಿ ಅವ್ರೂ ನಕ್ಕರು, ನಾನು ನೋಡಿದೆ, ಭುಜ ಕುಣೀತಿತ್ತು.

ಅಷ್ಟರಲ್ಲಿ ನನ್ನ ಶಿಷ್ಯ ಅವನ ಹೊಸ ಡಿಜಿಟಲ್ ಸೆಟ್ ಎತ್ತಿ ಹಿಡಿದ, ಅದರಲ್ಲಿ ಬಣ್ಣದ ಡಿಸ್‌ಪ್ಲೇ, ಆ ಕಡೆ ಇರೋರ ಹೆಸರೂ ಬರುತ್ತೆ. ನಂಗೆ ಗರ್ ಅಂದಿದ್ದು ಅವನಿಗೆ ಪಕ್ಕದಲ್ಲಿ ಕೂತು ಮಾತಾಡಿದಂಗೆ ಕೇಳ್ತಿದೆ! ಒಂದೇ ಫ್ರೀಕ್ವೆನ್ಸಿ, ಒಂದೇ ಗುಡ್ಡದ ರಿಪೀಟರ್, ಅದನ್ನ ಏರಿಸೋಕೆ ಬ್ಯಾಟರಿ ಹೊತ್ತವರಲ್ಲಿ ನಾನೂ ಒಬ್ಬ, ಆವತ್ತು ಎರಡು ಕಾಲಿಗೂ ಇಂಬಳ ಹತ್ತಿತ್ತು. ಆಮೇಲೆ ಆ ಮಾತು ಬಂತು. ಆಫ್ ಮಾಡಿ, ಡಿಸ್ಟರ್ಬ್ ಆಗ್ತಿದೆ. ನಾನು ಆಫ್ ಮಾಡಿದೆ. ಇದೇ ಈಗ ಉರೀತಿರೋದು, ಯಾಕೆ ಮಾಡಿದೆ? ಗುಂಡಿ ತಿರುಗಿಸಿದಾಗ ಟಕ್ ಅಂದಿದ್ದು ಹಾಲಿಗೆಲ್ಲ ಕೇಳಿಸ್ತು. "ಥ್ಯಾಂಕ್ಸ್ ಗುರುಗಳೇ" ಅಂದ. ಸಾಹೇಬ್ರು ನನ್ನ ಸೆಟ್ ತೋರಿಸಿ ಇದೆಂಥದು ಅಂತ ಕೇಳಿದ್ರೆ ಅವನು ದನಿ ಇಳಿಸಿ "ಅನಲಾಗ್ ಸಾರ್" ಅಂದ, "ತೀರ್ಕೊಂಡ್ರು ಸಾರ್" ಅಂತಾರಲ್ಲ, ಹಂಗೆ.

ಈಗ ಯಾರಾದ್ರೂ ನಂಗೆ ಇದಕ್ಕೆ ಉತ್ತರ ಹೇಳಿ. ನಮ್ಮಜ್ಜಿ ಹತ್ರ ಒಂದು ರೇಡಿಯೋ ಇತ್ತು, ದೊಡ್ಡಪ್ಪನ ಮನೇಲಿ ಬೇರೆ ಕಂಪನೀದು, ಪೇಟೆಯ ಕಟಿಂಗ್ ಶಾಪಲ್ಲಿ ಇನ್ನೊಂದು. ಎಲ್ಲದ್ರಲ್ಲೂ ಭದ್ರಾವತಿ 675ರಲ್ಲಿ ಬರ್ತಿತ್ತೋ ಇಲ್ವೋ? ಭದ್ರಾವತಿ ಕೇಳಬೇಕಾದ್ರೆ ಇಂಥದ್ದೇ ಕಂಪನಿ ಸೆಟ್ ತಗೊಳ್ಳಿ ಅಂತ ಆಕಾಶವಾಣಿಯವರು ಹೇಳಿದ್ರಾ? ಈಗ ಹ್ಯಾಮ್‌ನಲ್ಲಿ ಒಬ್ಬೊಬ್ಬ ಕಂಪನಿಯವನದ್ದು ಒಂದೊಂದು ಡಿಜಿಟಲ್ ಭಾಷೆ, ಒಂದು ಇನ್ನೊಂದಕ್ಕೆ ಅರ್ಥ ಆಗಲ್ಲ. ಅಂಥ ಒಂದು ಭಾಷೆ ಡಿ-ಸ್ಟಾರ್, ಜಪಾನಿನ ಹ್ಯಾಮ್ ಸಂಘದವರೇ ಮಾಡಿದ್ದು, ಕಾಗದದ ಮೇಲೆ ಎಲ್ಲ ಬಹಿರಂಗ. ಇನ್ನೊಂದು ಡಿಎಂಆರ್, ಯುರೋಪಿನ ಟೆಲಿಕಾಂ ಮಾನದಂಡ ಸಂಸ್ಥೆ ಇಟಿಎಸ್‌ಐನ ಸ್ಟ್ಯಾಂಡರ್ಡ್, ಪುಕ್ಕಟೆ ಡೌನ್‌ಲೋಡ್ ಮಾಡಬಹುದು. ಆದ್ರೆ ಧ್ವನಿಯನ್ನ ಹಿಂಡಿ ಸಣ್ಣ ಮಾಡೋ ಕೆಲಸ ಇದೆಯಲ್ಲ, ಎಎಂಬಿಇ ಅಂತಾರೆ, ಅದು ಎರಡರಲ್ಲೂ ಒಂದೇ ಅಮೆರಿಕನ್ ಕಂಪನಿಯದ್ದು. ಮನೆ ನಕ್ಷೆ ಎಲ್ಲರಿಗೂ ಹಂಚಿ ಬಾಗಿಲಿಗೆ ಮಾತ್ರ ಅವನ ಬೀಗ. ಕೂತು ಸೋಲ್ಡರ್ ಹಿಡಿದು ನಾನು ರಿಸೀವರ್ ಕಟ್ಟಬಹುದು, ಆದ್ರೆ ಅದರಲ್ಲಿ ಅಧಿಕೃತವಾಗಿ ಮಾತು ಕೇಳಬೇಕಾದ್ರೆ ಅವನ ಚಿಪ್ಪೋ ಲೈಸೆನ್ಸೋ ಬೇಕು.

ನಿಯಮ ಇದೆ ಸ್ವಾಮಿ. ಅಂತರರಾಷ್ಟ್ರೀಯ ರೇಡಿಯೋ ನಿಯಮಾವಳಿಯ 25ನೇ ವಿಧಿ, ಬೇರೆ ಬೇರೆ ದೇಶದ ಹ್ಯಾಮ್‌ಗಳು ಅರ್ಥ ಮುಚ್ಚಿಡೋದಕ್ಕೆ ಅಂತ ಸಂಕೇತ ಬಳಸಬಾರದು. ಇದನ್ನ ಶಿಷ್ಯನಿಗೆ ಹೋದ ವರ್ಷವೇ ಹೇಳಿದ್ದೆ, ಅದಕ್ಕವನು "ಇದು ಮುಚ್ಚಿಡೋದಲ್ಲ ಗುರುಗಳೇ, ಸೆಟ್ ತಗೊಂಡ್ರೆ ಯಾರಿಗಾದ್ರೂ ಕೇಳುತ್ತೆ" ಅಂದ. ಬೀಗದಕೈ ಅಂಗಡೀಲಿ ಸಿಗುತ್ತೆ, ಹಾಗಾಗಿ ಬೀಗವೇ ಇಲ್ಲ, ಹೌದಾ? ಓಪನ್ ಇಲ್ಲ ಅಂತೇನಿಲ್ಲ. ಆಸ್ಟ್ರೇಲಿಯಾದ ಡೇವಿಡ್ ರೋವ್ ಬರೆದ, ಧ್ವನಿ ಹಿಂಡೋ ಕೋಡೆಕ್ 2 ಇದೆ, ಅದನ್ನಿಟ್ಕೊಂಡು ಪೋಲೆಂಡಿನ ಹ್ಯಾಮ್‌ಗಳು ಶುರು ಮಾಡಿದ ಎಂ17 ಅನ್ನೋ ಡಿಜಿಟಲ್ ಭಾಷೆ ಇದೆ, ಎಲ್ಲ ಬಿಚ್ಚಿಟ್ಟ ಪುಸ್ತಕ. ನಮ್ಮಲ್ಲಿ ಯಾರಿಗೆ ಬೇಕು, ಅದರಲ್ಲಿ ಬಣ್ಣದ ಡಿಸ್‌ಪ್ಲೇ ಬರಲ್ವಲ್ಲ.

2004ರ ಸುನಾಮಿ ಹೊತ್ತಲ್ಲಿ ಅಂಡಮಾನಲ್ಲಿದ್ದು ಹ್ಯಾಮ್ ರೇಡಿಯೋದಲ್ಲಿ ಸುದ್ದಿ ಮುಟ್ಟಿಸಿದ ಭಾರತಿ ಪ್ರಸಾದ್ ಅವರ ಕಥೆ ಪ್ರತಿ ಡೆಮೋದಲ್ಲೂ ಹೇಳ್ತೀವಿ, ಇವತ್ತೂ ಹೇಳಿದ್ರು, ಹೇಳಿದವನು ನನ್ನ ಶಿಷ್ಯನೇ. ಅವರ ದನಿ ಕೇಳಿದೋರ ಹತ್ರ ಯಾವ ಕಂಪನಿ ಸೆಟ್ಟಿತ್ತು ಅಂತ ಆವತ್ತು ಯಾರಾದ್ರೂ ಕೇಳಿದ್ರಾ? ವರ್ಷಕ್ಕೆ 7000 ಮಿ.ಮೀ. ದಾಟಿ ಸುರಿಯೋ ಊರು ಇದು, ಮಳೆ ಹಿಡಿದ್ರೆ ನಾಲ್ಕು ದಿನ ಕರೆಂಟಿಲ್ಲ, ನೆಟ್‌ವರ್ಕಿಲ್ಲ. ಘಾಟಿ ಬಂದ್ ಆದ ದಿನ ಗರ್ರ್ ಅಂದ್ರೆ ಏನು ಮಾಡೋದು, ಜೀರುಂಡೆ ಹತ್ರ ಆಂಬುಲೆನ್ಸ್ ಕೇಳೋದಾ?

ಸರಿ, ನಿಜ ಹೇಳ್ತೀನಿ, ನಾನೇನು ಡಿಜಿಟಲ್ ವಿರೋಧಿ ಅಲ್ಲ. ರಾತ್ರಿ ಊಟ ಆದ್ಮೇಲೆ ಎಫ್‌ಟಿ8, ಅಂದ್ರೆ ಕಂಪ್ಯೂಟರ್ ಹಚ್ಚಿ ರೇಡಿಯೋದಲ್ಲಿ ಚುಟುಕು ಸಂದೇಶ ಕಳಿಸೋ ಡಿಜಿಟಲ್ ವಿಧಾನ, ಅದನ್ನ ಹಚ್ಕೊಂಡು ಕೂತ್ಕೊಳೋನು ನಾನೇ. ಆದ್ರೆ ಅದು ನೊಬೆಲ್ ಬಂದ ಜೋ ಟೇಲರ್ ಮತ್ತೆ ಸ್ಟೀವ್ ಫ್ರಾಂಕೆ ಸೇರಿ 2017ರಲ್ಲಿ ಮಾಡಿ ಕೋಡ್ ಸಮೇತ ಜಗತ್ತಿಗೆ ಬಿಟ್ಟಿದ್ದು, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತೆ. ಇನ್ನೂ ನಿಜ ಹೇಳಬೇಕಂದ್ರೆ ಬೀರುವಿನಲ್ಲಿ ಒಂದು ಡಿಎಂಆರ್ ಸೆಟ್ಟೂ ಇದೆ. ಎರಡು ವರ್ಷದ ಹಿಂದೆ ಮನೇಲಿ ಹೇಳದೆ ತರಿಸಿದ್ದು. ಕೋಡ್‌ಪ್ಲಗ್ ಅಂತ ಒಂದು ಸೆಟ್ಟಿಂಗ್ ಫೈಲು ತುಂಬಬೇಕಂತೆ, ಟಾಕ್‌ಗ್ರೂಪ್, ಕಲರ್ ಕೋಡ್, ಟೈಮ್‌ಸ್ಲಾಟ್, ಮೂರು ಭಾನುವಾರ ಕೂತು ಸೋತು ಡಬ್ಬಿ ಸಮೇತ ಒಳಗಿಟ್ಟೆ. ಇವಳಿಗೆ ಇನ್ನೂ ಗೊತ್ತಿಲ್ಲ, ಡಬ್ಬಿ ಮೇಲೆ ಶಾಲು ಮಡಚಿಟ್ಟಿದೀನಿ.

ರಿಪೀಟರ್ ಬಿಟ್ಟು ಎಚ್‌ಎಫ್‌ಗೇ, ಅಂದ್ರೆ ದೂರ ಹೋಗೋ ಶಾರ್ಟ್‌ವೇವ್‌ಗೇ, ಹೋಗಿ ಅಂತೀರಿ. ಅಡಿಕೆ ಮರದಿಂದ ಮರಕ್ಕೆ ಹತ್ತತ್ತು ಮೀಟರ್ ತಂತಿ ಕಟ್ಟಿಸಿದೀನಿ, ಕೊನೆಗೌಡನಿಗೆ ಮಜೂರಿ ಕೊಟ್ಟು. 40 ಮೀಟರ್ ಬ್ಯಾಂಡ್ ತೆಗೆದ್ರೆ ಟಕ್... ಟಕ್... ಟಕ್, ಸೆಕೆಂಡಿಗೊಂದು, ಪಕ್ಕದ ತೋಟದ ಕರೆಂಟಿನ ಝಟಕಾ ಬೇಲಿ. ಕಾಡುಕೋಣ ಹಂದಿ ಎರಡರ ಕಾಟವೂ ಇದೆ, ಬೇಡ ಅನ್ನೋಕೆ ಆಗುತ್ತಾ? ತಂತಿಗೆ ಗಿಡಗಂಟಿ ತಾಗಿ ಕಿಡಿ ಹಾರಿದ್ರೆ ಸದ್ದು ಜಾಸ್ತಿ ಅಂತ ಅವರ ಬೇಲಿ ಉದ್ದಕ್ಕೂ ನಾನೇ ಕತ್ತಿ ಹಿಡ್ಕೊಂಡು ಕಳೆ ಸವರಿದೀನಿ, ಅವರು ಕರೆದು ಚಾ ಕೊಟ್ಟು "ಎಂತಕ್ಕೆ ಮಾರಾಯ್ರೆ ನಿಮಗೆ ಈ ಉಪದ್ವ್ಯಾಪ" ಅಂದ್ರು. ಅದಕ್ಕೇ ಬಾಯಲ್ಲಿ ಮಾತಾಡೋಕೆ ರಿಪೀಟರ್ ಒಂದೇ ನಂಗೆ ಗತಿ ಆಗಿದ್ದು, ಈಗ ಅದೂ ಹೋಯ್ತು. ಹೋಗ್ಲಿ ಬಿಡಿ. ಯಾರ ಹತ್ರ ಮಾತಾಡ್ತಿದ್ದೆ ಅಂತ ಲೆಕ್ಕ ಹಾಕಿದ್ರೆ ಹೆಚ್ಚುಕಮ್ಮಿ ಅವನೊಬ್ಬನ ಹತ್ರಾನೇ.

ಬರೀತಾ ಇರೋವಾಗ್ಲೇ ಅವನ ಮೆಸೇಜ್ ಬಂತು. "ಗುರುಗಳೇ ಬೇಜಾರು ಮಾಡ್ಕೋಬೇಡಿ, ರಿಪೀಟರ್ ಎಫ್‌ಎಂನೂ ತಗೊಳುತ್ತೆ, ಹೋದ ವಾರ ಟೋನ್ 88.5 ಇಂದ 123ಕ್ಕೆ ಬದಲಾಯಿಸಿದ್ವಿ, ನಿಮಗೆ ಹೇಳೋದು ಮರ್ತುಹೋಯ್ತು."

ಮರ್ತುಹೋಯ್ತಂತೆ! ಎಫ್‌ಎಂ ಅಂದ್ರೆ ನನ್ನ ಅನಲಾಗೇ, ಟೋನ್ ಅಂದ್ರೆ ಮಾತಿನ ಜೊತೆ ಹೋಗೋ ಸಣ್ಣ ಸ್ವರ, ಅದು ಸರಿ ಇಲ್ಲದಿದ್ರೆ ರಿಪೀಟರ್ ನಮ್ಮ ಮಾತು ತಗೊಳಲ್ಲ. ಹಂಗಾದ್ರೆ ಮೇಲೆ ಬರೆದಿದ್ದರಲ್ಲಿ ಅರ್ಧ ತಪ್ಪಾಯ್ತು, ಇರ್ಲಿ, ಅಳಿಸಲ್ಲ. ಟೋನ್ ಸರಿ ಮಾಡಿದ್ರೆ ನನ್ನ ಮಾತು ಆ ಕಡೆ ಹೋಗುತ್ತೆ, ಅವರು ಡಿಜಿಟಲ್ಲಲ್ಲಿ ಮಾತಾಡಿದ್ರೆ ನಂಗೆ ಆಗ್ಲೂ ಜೀರುಂಡೆನೇ ತಾನೆ? ಇದಕ್ಕೆ ಏನಂತ ರಿಪ್ಲೈ ಮಾಡೋದು, ಹೇಳಿ ಯಾರಾದ್ರೂ. ನಾಲ್ಕು ಪರ್ಸೆಂಟ್ ಉಳಿದಿದೆ. ಸೆಟ್ ಜಗಲಿ ಮೊಳೆಗೆ ನೇತಾಕಿದೀನಿ, ಬೆಳಿಗ್ಗೆಯಿಂದ ಆನ್ ಮಾಡಿಲ್ಲ.