ಗೊರಕೆಗೊಂದು ಸಾಕ್ಷಿ

ನನ್ನ ಗೊರಕೆಯ ಮೇಲೆ ನಮ್ಮನೆಯವಳ ದೂರಿಗೆ ನಮ್ಮ ಮದುವೆಯಷ್ಟೇ ವಯಸ್ಸು. "ಹೊಡ್ಕೊಳ್ಳಿ, ಬೇಡ ಅನ್ನಲ್ಲ. ಮಧ್ಯೆ ಗಪ್ ಅಂತ ನಿಂತುಹೋಗುತ್ತಲ್ಲ, ಆಗ ನನಗೆ ಭಯ" ಅನ್ನುತ್ತಿದ್ದಳು. ಅಮೆರಿಕದಿಂದ ಬಂದ ಅಳಿಯಂದಿರು ಇದನ್ನು ಕೇಳಿಸಿಕೊಂಡು, ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ಕಾಯಿಲೆಯಾದ ಸ್ಲೀಪ್ ಆಪ್ನಿಯಾದ ಸುಳಿವು ಹಿಡಿಯುವ ವಾಚೊಂದನ್ನು ನನ್ನ ಕೈಗೆ ಕಟ್ಟಿದರು. ಈ ಸೌಲಭ್ಯಕ್ಕೆ ಔಷಧ, ವೈದ್ಯಕೀಯ ಉಪಕರಣಗಳನ್ನು ಪರಿಶೀಲಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದ್ದೇ 2024ರಲ್ಲಿ. ನಮ್ಮನೆಯವಳ ವರದಿ ಅದಕ್ಕಿಂತ ಬಹಳ ಹಳೆಯದು, ಒಪ್ಪಿಗೆ ಸಿಕ್ಕಿರಲಿಲ್ಲ ಅಷ್ಟೆ.

ನಿದ್ದೆಯಲ್ಲಿ ಉಸಿರು 10 ಸೆಕೆಂಡಾದರೂ ನಿಂತರೆ ಅದು ಲೆಕ್ಕಕ್ಕೆ. ವಾಚಿಗೆ ಮೂಗು ಕಾಣುವುದಿಲ್ಲವಲ್ಲ, ಹಾಗಾಗಿ ಮಣಿಕಟ್ಟಿನ ಚರ್ಮಕ್ಕೆ ಬೆಳಕು ಬಿಟ್ಟು ರಕ್ತದಲ್ಲಿ ಆಮ್ಲಜನಕ ಇಳಿಯುವುದನ್ನು ನೋಡುತ್ತದೆ. 10 ದಿನದೊಳಗೆ 2 ರಾತ್ರಿ, ತಲಾ 4 ಗಂಟೆಗೂ ಜಾಸ್ತಿ ಮಲಗಬೇಕಂತೆ.

ಮೊದಲ ರಾತ್ರಿ, ಹಗಲೆಲ್ಲ ನನ್ನ ಹೆಜ್ಜೆ ಎಣಿಸಿದ ವಾಚು ನನಗಿಂತ ಮೊದಲೇ ಮಲಗಿತು. ಚಾರ್ಜ್ ಖಾಲಿ. ಮರುದಿನ ಕರೆಂಟ್ ಹೋಗಿ ಸೊಳ್ಳೆಗಳ ಜಾಗರಣೆ. ಆಮೇಲೊಂದು ರಾತ್ರಿ 2 ಗಂಟೆಗೆ ಎಚ್ಚರವಾಗಿ ಫೋನ್ ನೋಡಿದರೆ ಆಮ್ಲಜನಕ 82! ಮನೆಯಿಡೀ ಎದ್ದಿತು. ಮಗಳು ಕಿಟಕಿ ತೆಗೆದಳು, ಅಮ್ಮ ದೇವರ ಮುಂದೆ ದೀಪ ಹಚ್ಚಿದರು, ನಾನು ಮಂಚದ ಮೇಲೆ ಪ್ರಾಣಾಯಾಮಕ್ಕೆ ಕೂತೆ. ನಮ್ಮನೆಯವಳು ಮಾತ್ರ ಆಕಳಿಸುತ್ತಾ ಬಂದು ವಾಚಿನ ಪಟ್ಟಿಯನ್ನು ಎರಡು ತೂತು ಬಿಗಿ ಮಾಡಿದಳು. 97. "ಕೈ ತಲೆಯಡಿ ಹಾಕ್ಕೊಂಡು ಮಲಗಬೇಡಿ" ಎಂದು ದೀಪ ಆರಿಸಿದಳು. ಲೈಟಿನ ದೀಪ. ಅಮ್ಮನದು ಬೆಳಗಿನವರೆಗೂ ಉರಿಯಿತು.

ಕೊನೆಗೂ ಎರಡು ರಾತ್ರಿಯ ಲೆಕ್ಕ ಸಿಕ್ಕಿ, ಆಪ್ನಿಯಾ ಲಕ್ಷಣವಿದೆ ಎಂದು ಫೋನ್ ಹೇಳಿತು. ನಮ್ಮನೆಯವಳು ಅದನ್ನು ಗಟ್ಟಿಯಾಗಿ ಓದಿ, ನಂಟರಿಗೆಲ್ಲ ವಾಟ್ಸಾಪ್ ಮಾಡಿದಳು.

ಡಾಕ್ಟರು ವಾಚನ್ನು ನೋಡಿ, "ಇದು ಸುಳಿವು ಕೊಡುತ್ತೆ, ಕಾಯಿಲೆ ಹೌದೋ ಅಲ್ಲವೋ ಹೇಳಲ್ಲ" ಎಂದು ಪಕ್ಕಕ್ಕಿಟ್ಟರು. ಟೇಪು ತೆಗೆದು ನನ್ನ ಕತ್ತಿನ ಸುತ್ತಳತೆ ನೋಡಿದರು. 40 ಸೆಂಟಿಮೀಟರ್ ದಾಟಿತ್ತು, ಅದೂ ಒಂದು ಸುಳಿವಂತೆ. ಬಿಪಿ ಕೇಳಿದರು. ಆಮೇಲೆ ನಮ್ಮನೆಯವಳ ಕಡೆ ತಿರುಗಿ, "ಉಸಿರು ನಿಲ್ಲೋದನ್ನ ನೀವು ನೋಡಿದ್ದೀರಾಮ್ಮಾ?" ಎಂದರು. ಅವಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. ಹೊರಗೆ ಕೂತಿದ್ದ ರೋಗಿಗಳ ಪಾಡು ಹೇಳತೀರದು.

"ಒಂದು ರಾತ್ರಿ ಇಲ್ಲೇ ಮಲಗಿಸಿ, ತಲೆ-ಎದೆಗೆಲ್ಲ ವೈರ್ ಹಚ್ಚಿ ಸ್ಲೀಪ್ ಟೆಸ್ಟ್ ಮಾಡ್ತೀವಿ" ಎಂದರು ಡಾಕ್ಟರು.

"ಒಂದೇ ರಾತ್ರಿ ಸಾಕಾ ಡಾಕ್ಟ್ರೇ?" ಎಂದಳು ನಮ್ಮನೆಯವಳು.