ಕೈ ತೊಳೆದಾಯಿತು, ಕಿಡಕಿ ಹಾಕ್ರೀ

ಅಕ್ಟೋಬರ್ 15 ಜಾಗತಿಕ ಕೈ ತೊಳೆಯುವ ದಿನ. 2008ರಿಂದ ನಡೆದುಕೊಂಡು ಬಂದಿದೆ. ಈ ಸಲ ಧಾರವಾಡದ ಒಂದು ಸಭಾಂಗಣದಲ್ಲೂ ಅದರ ಕಾರ್ಯಕ್ರಮ ಇತ್ತು. ಯಾವ ಸಭಾಂಗಣ ಅಂತ ಕೇಳಬೇಡಿ. ಎಲ್ಲವೂ ಹಾಗೇ ಇರುತ್ತವೆ. ನಮ್ಮ ಓಣಿಯ ನಿವೃತ್ತ ಮಾಸ್ತರ್ರು ಎಂಟು ದಿನ ಮೊದಲೇ ಮನೆಗೆ ಬಂದು ತಾಕೀತು ಮಾಡಿದ್ದರು.

"ನೀವು ಬರಾಕಬೇಕು ನೋಡ್ರಿ. ಊರಾಗ ಕೆಮ್ಮು ನೆಗಡಿ ಭಾಳ ಆಗ್ಯಾವ. ಮಂದಿಗೆ ತಿಳಿವಳಿಕಿ ಆಗಬೇಕು."

ಹೋದೆ. ತಿಳಿವಳಿಕೆ ಎಷ್ಟು ಆಯಿತೋ ಗೊತ್ತಿಲ್ಲ, ಕೆಮ್ಮು ಮಾತ್ರ ಆಯಿತು.

ಬಾಗಿಲಲ್ಲೇ ಒಬ್ಬ ಹುಡುಗ ಹಣೆಗೆ ಪಿಸ್ತೂಲು ಹಿಡಿದ. ಕೋವಿಡ್ ಕಾಲದ್ದು, ಇನ್ನೂ ಜೀವಂತ ಇದೆ. ಅದರಲ್ಲಿ 32.4 ಡಿಗ್ರಿ ಅಂತ ಬಂತು. ಮನುಷ್ಯನ ಮೈ ಸುಮಾರು 37 ಇರಬೇಕು. ಆ ಲೆಕ್ಕದಲ್ಲಿ ನನ್ನನ್ನು ಆಗಲೇ ಕಂಬಳಿ ಸುತ್ತಿ ಆಸ್ಪತ್ರೆಗೆ ಹೊರಬೇಕಿತ್ತು. ಹುಡುಗ ಮಾತ್ರ "ನಾರ್ಮಲ್ ಐತ್ರಿ, ಒಳಗ ಬರ್ರಿ" ಅಂದ. ಮುಂದೆ ಕಾಲಿನಿಂದ ಒತ್ತುವ ಸ್ಯಾನಿಟೈಸರ್ ಸ್ಟ್ಯಾಂಡು. ಒತ್ತಿದೆ. ಬಾಟಲಿ ಒಂದು ನಿಟ್ಟುಸಿರು ಬಿಟ್ಟಿತು, ಅಷ್ಟೇ. ನನ್ನ ಹಿಂದಿದ್ದವರು ಅದನ್ನು ನೋಡಿಯೂ ಒಬ್ಬೊಬ್ಬರಾಗಿ ಒತ್ತಿ, ಒಣಗೈ ಉಜ್ಜಿಕೊಂಡು ಒಳಗೆ ನಡೆದರು. ಗುಡಿಯ ಗಂಟೆ ಬಾರಿಸಿದಂತೆ.

ನೆಲದ ಮೇಲೆ ಆರು ಅಡಿಗೊಂದು ಹಳದಿ ವೃತ್ತ ಅಂಟಿಸಿದ್ದರು. ಒಂದೊಂದು ವೃತ್ತದಲ್ಲಿ ನಾಲ್ಕು ನಾಲ್ಕು ಜನ ನಿಂತಿದ್ದರು. ವೃತ್ತ ಬಿಟ್ಟು ಹೊರಗೆ ಯಾರೂ ಕಾಲಿಟ್ಟಿರಲಿಲ್ಲ. ನಮ್ಮ ಜನ ಶಿಸ್ತಿನವರು.

ಒಳಗೆ ಇನ್ನೂರು ಕುರ್ಚಿ, ಅದಕ್ಕಿಂತ ಜಾಸ್ತಿ ಜನ. ಪರದೆಯ ಮೇಲಿನ ಚಿತ್ರ ಚೆನ್ನಾಗಿ ಕಾಣಲಿ ಅಂತ ಕಿಟಕಿಗಳಿಗೆಲ್ಲ ದಪ್ಪ ಕರ್ಟನ್. ಎ.ಸಿ. ಹಾಕಿದ್ದರಿಂದ ಕಿಟಕಿಯೂ ಬಂದ್. ಇರುವುದು ಒಂದೇ ಬಾಗಿಲು. ಅದು ತೆರೆದಾಗಲೆಲ್ಲ ಹಿಂದಿನ ಸಾಲಿನಿಂದ ಕೂಗು: "ಬಾಗಲಾ ಹಾಕ್ರೀ, ಎ.ಸಿ. ಹೊರಗ ಹೊಂಟೈತಿ!" ಹೊರಗೆ ಮಳೆ ಮುಗಿದ ಧಾರವಾಡದ ಅಕ್ಟೋಬರ್. ಕೆಲಗೇರಿ ಕೆರೆ ಕಡೆಯಿಂದ ತಣ್ಣಗೆ ಗಾಳಿ ಬೀಸುತ್ತಿತ್ತು. ಅದಕ್ಕೆ ಆಮಂತ್ರಣ ಇರಲಿಲ್ಲ.

ಗೋಡೆಗೆ ಹಾಕುವ ಎ.ಸಿ. ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಒಳಗಿನದನ್ನೇ ಎಳೆದು, ತಣ್ಣಗೆ ಮಾಡಿ, ಮತ್ತೆ ಒಳಗೇ ಬಿಡುತ್ತದೆ. ಹಾಗಾಗಿ ಮೊದಲ ಸಾಲಿನ ಸಾಹೇಬರು ಬಿಟ್ಟ ಉಸಿರು ಕೊನೆಯ ಸಾಲಿನ ನನಗೆ ಬರುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ, ಅದೂ ತಂಪು ಮಾಡಿ ಕಳಿಸಿದ್ದು. ಸರಕಾರಿ ಕಡತವೊಂದು ಇಷ್ಟು ಬೇಗ ಮೇಜಿನಿಂದ ಮೇಜಿಗೆ ಹೋದದ್ದನ್ನು ನಾನಂತೂ ನೋಡಿಲ್ಲ.

ಮುಖ್ಯ ಅತಿಥಿಗಳಿಗೆ ಕೆಮ್ಮಿತ್ತು. ಸಣ್ಣಪುಟ್ಟ ಕೆಮ್ಮಲ್ಲ, ಎರಡು ವಾಕ್ಯಕ್ಕೊಂದು. ಮಾಸ್ಕ್ ಇತ್ತು, ಗದ್ದದ ಮೇಲೆ. ಮಾತಾಡಲು ತೊಂದರೆ ಆಗುತ್ತದೆ ಅಂತ ಇಳಿಸಿದ್ದರು, ಕೆಮ್ಮುವಾಗ ಏರಿಸಲು ನೆನಪಾಗಲಿಲ್ಲ. ಅವರ ಭಾಷಣ ಮುಗಿದ ಮೇಲೆ ಕಾರ್ಯಕರ್ತರೊಬ್ಬರು ಓಡಿ ಬಂದು ಮೈಕನ್ನು ಟಿಶ್ಯೂದಿಂದ ಒರೆಸಿದರು. ಚಪ್ಪಾಳೆ ಬಿತ್ತು. ಮುಕ್ಕಾಲು ಗಂಟೆ ದೊಡ್ಡ ದನಿಯಲ್ಲಿ ಮಾತಾಡಿದವರ ಬಾಯಿಂದ ಹೊರಟು ಸಭೆಯ ತಲೆಯ ಮೇಲೆ ತೇಲುತ್ತಿದ್ದದ್ದನ್ನು ಒರೆಸುವ ಟಿಶ್ಯೂ ಇನ್ನೂ ಬಂದಿಲ್ಲ.

ಆಮೇಲೆ ಕೈ ತೊಳೆಯುವ ಪ್ರಾತ್ಯಕ್ಷಿಕೆ. ಅಂಗೈ, ಮುಂಗೈ, ಬೆರಳ ಸಂದಿ, ಹೆಬ್ಬೆರಳು, ಉಗುರು, ಮಣಿಕಟ್ಟು. ಇಪ್ಪತ್ತು ಸೆಕೆಂಡು. ನೀರಿರಲಿಲ್ಲ. ನಳದ ನೀರಿಗೆ ನಾಲ್ಕೈದು ದಿನ ಹಾದಿ ಕಾಯುವ ಓಣಿಗಳಿರುವ ಊರು ನಮ್ಮದು. ಹಾಗಾಗಿ ಎಲ್ಲರೂ ಎದ್ದು ನಿಂತು, ಬರಿಗಾಳಿಯಲ್ಲಿ ಕೈ ತೊಳೆದೆವು. ಆ ಸಭೆಯಲ್ಲಿ ಗಾಳಿಯ ಹೆಸರು ಬಂದದ್ದು ಅಷ್ಟು ಮಾತ್ರ.

ಕೈ ತೊಳೆಯುವುದನ್ನು ಆಡಿಕೊಳ್ಳುತ್ತಿಲ್ಲ, ಸಿಟ್ಟಾಗಬೇಡಿ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ ಉಳಿದ ವೈದ್ಯರಿಗೆ ಕೈ ತೊಳೆದುಕೊಳ್ಳಿ ಅಂದ. ಬಾಣಂತಿಯರ ಸಾವು ಧಡ್ಡಂತ ಇಳಿಯಿತು. ಉಳಿದ ವೈದ್ಯರು ಅವನ ಮೇಲೇ ಸಿಟ್ಟಾದರು, ಆ ಮಾತು ಬೇರೆ. ವಾಂತಿಭೇದಿ, ಟೈಫಾಯಿಡ್, ಜಂತುಹುಳ, ಎಲ್ಲಕ್ಕೂ ಸಾಬೂನು ಬೇಕು. ನೆಗಡಿಗೂ ಸ್ವಲ್ಪ ಉಪಯೋಗ ಉಂಟು. ಆದರೆ ಉಸಿರಿನಲ್ಲಿ ಬರುವ ರೋಗ ಕೈಯ ದಾರಿ ಕಾಯುತ್ತ ಕೂಡುವುದಿಲ್ಲ. ದಡಾರದ ಮಗು ಕೋಣೆ ಬಿಟ್ಟು ಹೋದ ಮೇಲೂ ಅದರ ವೈರಸ್ ಎರಡು ಗಂಟೆಯ ತನಕ ಗಾಳಿಯಲ್ಲಿ ಇರಬಲ್ಲದು. ಅದು ಯಾರ ಕೈಯನ್ನೂ ಕುಲುಕಬೇಕಾಗಿಲ್ಲ.

ನನಗೆ ಇದು ಅರ್ಥವಾದದ್ದು ಯಾವ ಭಾಷಣದಿಂದಲೂ ಅಲ್ಲ, ನಮ್ಮ ಅಡುಗೆಮನೆಯಿಂದ. ಮಸಾಲಿ ಖಾರಕ್ಕೆ ಮನೆಯಾಕೆ ಮೆಣಸಿನಕಾಯಿ ಹುರಿಯುತ್ತಿದ್ದಳು. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. (ಬರೀ ಬ್ಯಾಡಗಿ ಹಾಕಿ ಖಾರ ಸಾಲಲಿಲ್ಲ ಅಂತ ಹಾವೇರಿಯವರನ್ನು ಬೈಯುವವರು ಇದನ್ನು ತಿಳಿದುಕೊಳ್ಳಬೇಕು.) ನಾನು ಪಡಸಾಲೆಯಲ್ಲಿದ್ದೆ, ಒಲೆಯಿಂದ ಇಪ್ಪತ್ತು ಅಡಿ ದೂರ. ಆರು ಅಡಿಯ ನಿಯಮವನ್ನು ಮೂರು ಸಲ ಪಾಲಿಸಿದಷ್ಟು ದೂರ. ಮೊದಲು ಅವಳು ಕೆಮ್ಮಿದಳು, ಸೆರಗಿನಿಂದ ಮೂಗು ಬಾಯಿ ಬಿಗಿಯಾಗಿ ಮುಚ್ಚಿಕೊಂಡಳು. ಸ್ವಲ್ಪ ಹೊತ್ತಿಗೆ ನಾನು ಕೆಮ್ಮಿದೆ. ಆಮೇಲೆ ಕಟ್ಟೆಯ ಮೇಲೆ ಕೂತಿದ್ದ ಪಕ್ಕದ ಮನೆ ಕಾಕಾ ಸೀನಿದರು. ಒಲೆಯ ಹತ್ತಿರ ಇದ್ದವಳಿಗೆ ಘಾಟು ಜಾಸ್ತಿ, ದೂರ ಇದ್ದವನಿಗೆ ಕಡಿಮೆ, ನಿಜ. ಆದರೆ ಬಾಗಿಲು ಮುಚ್ಚಿದ ಮನೆಯಲ್ಲಿ ಹೊತ್ತು ಕಳೆದಂತೆ ದೂರಕ್ಕೆ ಬೆಲೆ ಇರುವುದಿಲ್ಲ. ಘಾಟು ವೃತ್ತ ನೋಡಿ ನಿಲ್ಲುವುದಿಲ್ಲ. ಅವಳು ಆಗ ಸ್ಯಾನಿಟೈಸರ್ ಹುಡುಕಲಿಲ್ಲ. ಸೆರಗನ್ನು ಗದ್ದಕ್ಕೆ ಇಳಿಸಲೂ ಇಲ್ಲ. ಹಿತ್ತಲ ಬಾಗಿಲು ತೆಗೆದಳು. ಐದು ನಿಮಿಷದಲ್ಲಿ ಎಲ್ಲರೂ ಉಸಿರಾಡಿದೆವು. ಯಾವ ತಜ್ಞರ ಸಮಿತಿಯೂ ಕೂಡಲಿಲ್ಲ.

ತಜ್ಞರು ತಿಳಿದುಕೊಳ್ಳುವುದಕ್ಕೆ ಜಾಸ್ತಿ ಹೊತ್ತು ಬೇಕಾಯಿತು. 1950ರ ದಶಕದ ಕೊನೆಗೆ ಅಮೆರಿಕದ ಬಾಲ್ಟಿಮೋರಿನಲ್ಲಿ ರಿಚರ್ಡ್ ರೈಲಿ ಎಂಬ ವೈದ್ಯ ಒಂದು ಕೆಲಸ ಮಾಡಿದ. ಕ್ಷಯ ರೋಗಿಗಳ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಹಾಯಿಸಿ, ಮೇಲೆ ಗೂಡಿನಲ್ಲಿದ್ದ ಗಿನಿಪಿಗ್‌ಗಳಿಗೆ ಬಿಟ್ಟ. ಆ ಬಡಪಾಯಿಗಳು ರೋಗಿಯ ಮುಖ ನೋಡಿರಲಿಲ್ಲ. ಬಾಗಿಲ ಚಿಲಕ ಮುಟ್ಟಿರಲಿಲ್ಲ, ನೋಟು ಎಣಿಸಿರಲಿಲ್ಲ, ಯಾರಿಗೂ ಶೇಕ್‌ಹ್ಯಾಂಡ್ ಕೊಟ್ಟಿರಲಿಲ್ಲ. ಆದರೂ ಕ್ಷಯ ಬಂತು. ಅದೇ ಗಾಳಿಯನ್ನು ಅತಿನೇರಳೆ ಬೆಳಕಿನಲ್ಲಿ ಹಾಯಿಸಿ ಕೊಟ್ಟ ಗಿನಿಪಿಗ್‌ಗಳು ಆರಾಮ ಇದ್ದವು. ಇಷ್ಟಾದ ಮೇಲೂ 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಗಾಳಿಯಲ್ಲಿ ಹರಡುವ ರೋಗ ಅಲ್ಲ ಅಂತ ಜಗತ್ತಿಗೆ ಸಾರಿತು. ಗಾಳಿಯಿಂದಲೂ ಹರಡುತ್ತದೆ ಅಂತ ಸರಿಯಾಗಿ ಬರೆದುಕೊಳ್ಳುವಷ್ಟರಲ್ಲಿ 2021 ಬಂದಿತ್ತು. ಅಷ್ಟರೊಳಗೆ ನಾವು ಹಾಲಿನ ಪ್ಯಾಕೆಟ್ಟಿಗೆ ಸ್ನಾನ ಮಾಡಿಸಿದ್ದೆವು. ನೋಟಿಗೆ ಇಸ್ತ್ರಿ ಹಾಕಿದ್ದೆವು. ಊರೂರಲ್ಲಿ ರಸ್ತೆಗೆ, ಕೆಲವು ಕಡೆ ಮನುಷ್ಯರ ಮೇಲೂ ಔಷಧ ಹೊಡೆದಿದ್ದರು. ಮನುಷ್ಯರಿಗೆ ಹೊಡೆಯಬೇಡಿ ಅಂತ ಕೇಂದ್ರ ಆರೋಗ್ಯ ಇಲಾಖೆಯೇ 2020ರ ಏಪ್ರಿಲ್‌ನಲ್ಲಿ ಹೇಳಬೇಕಾಯಿತು.

ಆಗ ರೇಷನ್ ಅಂಗಡಿಯ ಮುಂದೆ ವೃತ್ತಗಳಲ್ಲಿ ಚಪ್ಪಲಿಗಳು ಪಾಳಿ ಹಚ್ಚಿದ್ದವು, ನೆನಪಿದೆಯಾ? ಚಪ್ಪಲಿಗಳು ಅಂತರ ಕಾಯ್ದುಕೊಂಡಿದ್ದವು. ಮಾಲೀಕರು ಬೇವಿನ ಗಿಡದ ಕೆಳಗೆ ಗುಂಪಾಗಿ ಹರಟೆ ಹೊಡೆಯುತ್ತಿದ್ದರು. ಆಗ ನಾನೂ ಅವರನ್ನು ಬೈದಿದ್ದೆ. ಈಗ ಅನ್ನಿಸುತ್ತದೆ, ಬಾಗಿಲು ಬಿಗಿದ ಕೋಣೆಯಲ್ಲಿ ಅಂತರ ಅಳೆದು ಕೂತವರಿಗಿಂತ ಆ ಗಿಡದ ಕೆಳಗಿನವರ ಪಾಡೇ ಮೇಲಿತ್ತೇನೋ.

ದೂರ ನಿಲ್ಲಲು ಜಾಗ ಇಲ್ಲ ಅನ್ನುವ ಹಾಗೂ ಇಲ್ಲ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್ ಇದೆ, 1507 ಮೀಟರ್. ಆರಾರು ಅಡಿಗೆ ಒಬ್ಬರಂತೆ ನಿಂತರೆ ಒಂದೇ ಸಾಲಿನಲ್ಲಿ ಎಂಟುನೂರಕ್ಕೂ ಜಾಸ್ತಿ ಜನ ನಿಲ್ಲಬಹುದು. ನಿಲ್ಲುತ್ತೇವಾ? ಜನರಲ್ ಡಬ್ಬಿ ಎಲ್ಲಿ ನಿಲ್ಲುತ್ತದೆ ಅಂತ ಯಾರೋ ಒಬ್ಬ ಹೇಳಿದರೆ ಸಾಕು. ಆ ಮೂವತ್ತು ಅಡಿಯಲ್ಲಿ ಊರೆಲ್ಲ. ಹತ್ತಿದ ಕೂಡಲೇ ಮೊದಲು ಬರುವ ಮಾತು, "ಕಿಡಕಿ ಹಾಕ್ರೀ, ಗಾಳಿ ಬಡಿತೈತಿ."

ಈ 'ಗಾಳಿ ಬಡಿಯುವುದು' ನಮ್ಮ ಕಡೆಯ ಹಳೆಯ ಕಾಯಿಲೆ. ಮಗುವಿಗೆ ಗಾಳಿ ಬಡಿಯುತ್ತದೆ, ಬಾಣಂತಿಗೆ ಬಡಿಯುತ್ತದೆ, ಮದುಮಗನಿಗೂ ಬಡಿಯುತ್ತದೆ. ನೆಗಡಿಯ ವೈರಸ್ ತಂಡಿ ಗಾಳಿಯಲ್ಲಿ ಹುಟ್ಟುವುದಲ್ಲ, ಪಕ್ಕದಲ್ಲಿ ಕೂತವನ ಮೂಗಿನಿಂದ ಬರುವುದು. ಆದರೂ ಮೂಗು ಸೋರುವವನನ್ನು ತೊಡೆಗೆ ತೊಡೆ ಹಚ್ಚಿ ಕೂಡಿಸಿಕೊಂಡು, ಕಿಟಕಿಯನ್ನು ಮುಚ್ಚುತ್ತೇವೆ. ಪಾಪ ಮಾಡದ ಗಾಳಿ ಹೊರಗೆ ನಿಲ್ಲುತ್ತದೆ.

ಗಾಳಿಗೆ ಬರ ಇರುವ ಸೀಮೆಯೂ ಅಲ್ಲ ಇದು. ಗದಗ ಜಿಲ್ಲೆಗೆ ಹೋಗಿ ನೋಡಿ, ಕಪ್ಪತಗುಡ್ಡದ ಕಡೆ ಗಾಳಿ ಯಂತ್ರಗಳು ಸಾಲುಸಾಲಾಗಿ ತಿರುಗುತ್ತಿರುತ್ತವೆ. ಗಾಳಿಯಿಂದ ಕರೆಂಟು ಮಾಡುತ್ತೇವೆ. ಕರೆಂಟಿನಿಂದ ಎ.ಸಿ. ಓಡಿಸುತ್ತೇವೆ. ಎ.ಸಿ. ಓಡುತ್ತಿದೆ ಅಂತ ಕಿಟಕಿ ಮುಚ್ಚಿ, ಗಾಳಿಯನ್ನು ಹೊರಗೆ ಹಾಕುತ್ತೇವೆ.

ನಮ್ಮಜ್ಜನ ಮನೆಯ ಮಾಳಿಗೆಯಲ್ಲಿ ಬೆಳಕಿಂಡಿ ಇತ್ತು. ಹೊಗೆ, ಸೆಕೆ ಎಲ್ಲ ಅದರಿಂದ ಮೇಲೆ ಹೋಗುತ್ತಿತ್ತು. ಅಪ್ಪ ಕಟ್ಟಿಸಿದ ಮನೆಯಲ್ಲಿ ಕಿಟಕಿಯ ಮೇಲೆ ಒಂದೊಂದು ಸಣ್ಣ ಕಿಂಡಿ. ಗೌಂಡಿಗಳು ಅದನ್ನು ವೆಂಟಿಲೇಟರ್ ಅನ್ನುತ್ತಿದ್ದರು. ಧೂಳು ಬರುತ್ತದೆ, ಪಾರಿವಾಳ ಬರುತ್ತದೆ ಅಂತ ನಾನೇ ಅದಕ್ಕೆ ಗಾಜು ಜಡಿಸಿದೆ. ಕೋವಿಡ್ ಕಾಲದಲ್ಲಿ ಅದೇ ಹೆಸರಿನ ಉಸಿರಾಟದ ಯಂತ್ರಕ್ಕಾಗಿ ಇಡೀ ದೇಶ ಆಸ್ಪತ್ರೆಯಿಂದ ಆಸ್ಪತ್ರೆಗೆ ಓಡಿತು. ಈ ಸಲದ್ದಕ್ಕೆ ಕರೆಂಟು ಬೇಕಿತ್ತು, ದಿನಕ್ಕೆ ಬಾಡಿಗೆಯೂ ಇತ್ತು.

ಕಾರ್ಯಕ್ರಮ ಆದ ಮೂರನೇ ದಿನ ನನಗೆ ಮೈಕೈ ನೋವು, ಜ್ವರ, ಕೆಮ್ಮು. ಹಾಸಿಗೆಯನ್ನು ಕಿಟಕಿಯ ಪಕ್ಕಕ್ಕೆ ಎಳೆದು ಮಲಗಿದ್ದೆ. ಮಾಸ್ತರ್ರು ಮೋಸಂಬಿ ಹಿಡಿದುಕೊಂಡು ನೋಡಲು ಬಂದರು. ಜೇಬಿನಿಂದ ಸಣ್ಣ ಬಾಟಲಿ ತೆಗೆದು ಕೈಗೆ ಹಚ್ಚಿಕೊಂಡರು. ನನ್ನ ಕೈಗೂ ಹಾಕಿದರು. ಕುರ್ಚಿಯನ್ನು ದೂರಕ್ಕೆ ಸರಿಸಿ, ಕಣ್ಣಲ್ಲೇ ಆರು ಅಡಿ ಅಳೆದು ಕೂತರು.

"ಅವತ್ತು ಕೈ ಸರಿಯಾಗಿ ತೊಳಕೊಂಡಿರಲಿಲ್ಲೇನ್ರಿ?" ಅಂತ ಕೇಳಿದರು. ದನಿಯಲ್ಲಿ ಬೇಸರ ಇತ್ತು, ಪಾಠ ಕಲಿಯದ ಹುಡುಗನ ಮೇಲೆ ಇರುವಂಥದ್ದು. ಉತ್ತರ ಕೊಡಬೇಕು ಅನ್ನುವಷ್ಟರಲ್ಲಿ ನನಗೆ ಕೆಮ್ಮು ಬಂತು. ಅವರು ಎದ್ದರು, ಕಿಟಕಿಯನ್ನು ಎಳೆದು ಮುಚ್ಚಿ ಚಿಲಕ ಹಾಕಿದರು.

"ಮೊದಲ ಆರಾಮಿಲ್ಲ ನಿಮಗ. ಗಾಳಿ ಬಡದೀತು." ಮತ್ತೆ ಕುರ್ಚಿಯಲ್ಲಿ ಕೂತು ಒಂದು ತಾಸು ಮಾತಾಡಿದರು.

ನಾಲ್ಕು ದಿನದ ಮೇಲೆ ಅವರ ಫೋನು ಬಂತು. ಹಲೋ ಅನ್ನುವ ಮೊದಲೇ ಕೆಮ್ಮು ಕೇಳಿಸಿತು.

"ನಿಮ್ಮ ಮನಿಯಿಂದ ಬಂದ ಮ್ಯಾಲೆ ಎರಡು ಸರ್ತಿ ಕೈ ತೊಳದೇನ್ರಿ... ಹೆಂಗ ಬಂತೋ ಏನೋ. ಇರಲಿ, ಅದಕ್ಕ ಫೋನ್ ಮಾಡಿದ್ದಲ್ಲ. ಮುಂದಿನ ತಿಂಗಳ ಇನ್ನೊಂದು ಕಾರ್ಯಕ್ರಮ ಐತಿ. ಶುದ್ಧ ಗಾಳಿ ಬಗ್ಗೆ. ಅದೇ ಹಾಲ್. ಅವತ್ತು ಸೆಕಿ ಆತು ಅಂತ ಮಂದಿ ಅಂದರಲ್ಲ, ಇನ್ನೂ ಎರಡು ಎ.ಸಿ. ಕೂಡಸ್ಯಾರ. ಮುಂದಿನ ಸಾಲಿನಾಗ ಜಾಗಾ ಹಿಡಿದಿಡ್ತೇನಿ, ಬರ್ರಿ ಮತ್ತ."